ಸಾಫ್ ಮಾಡಿದ ಸಂಜೆ

ಬಸ್ಸು ಮಕ್ತಲ್ ದಾಟುವಷ್ಟರಲ್ಲಿ ಕಾಂತೇಶ ಮೂರು ಜನರೊಂದಿಗೆ ಜಗಳವಾಡಿ ಮುಗಿಸಿದ್ದ. ಮೊದಲು ಕಂಡಕ್ಟರನೊಂದಿಗೆ, ಸೀಟಿನ ಮೇಲೆ ಯಾರದೋ ಗಂಟು ಇದ್ದದ್ದಕ್ಕೆ. ಆಮೇಲೆ ಆ ಗಂಟಿನ ಹೆಂಗಸಿನೊಂದಿಗೆ, ಆಕೆ ಒಂದು ಮಾತೂ ಆಡದೆ ಗಂಟು ಎತ್ತಿಕೊಂಡದ್ದಕ್ಕೆ. ಕಡೆಗೆ ಮುಂದಿನ ಸೀಟಿನ ಮುದುಕನೊಂದಿಗೆ, ಕಿಟಕಿಯ ಗಾಜು ಎಷ್ಟು ಜಗ್ಗಿದರೂ ಸರಿಯದೆ ಇದ್ದದ್ದಕ್ಕೆ. ಮೂವರೂ ತಿರುಗಿ ಬೀಳಲಿಲ್ಲ. ಒಬ್ಬರಾದರೂ ಎದ್ದುನಿಂತು ಅಂಗಿಯ ಕಾಲರು ಹಿಡಿದಿದ್ದರೆ, ಬೆಳಗಿನಿಂದ ಕಟ್ಟಿಕೊಂಡಿದ್ದುದು ಒಂದು ದಾರಿ ಹಿಡಿದು ಹೊರಗೆ ಹೋಗುತ್ತಿತ್ತೇನೋ. ಪಕ್ಕದಲ್ಲಿ ಕೂತ ಹೆಂಡತಿ ಶೇಖಮ್ಮ ಇದೆಲ್ಲ ತನಗೆ ಸಂಬಂಧವಿಲ್ಲ ಎಂಬಂತೆ ಹೆಂಗಸರಿಗೆ ಪುಕ್ಕಟೆ ಕೊಡುವ ಜೀರೋ ಟಿಕೆಟನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಹನ್ನೊಂದು ಗಂಟೆಗೆ ನಾರಾಯಣಪೇಟೆಯಲ್ಲಿ ವಿಚಾರಣೆ. ಅಲ್ಲಿ ಅವನು ಹೇಳಬೇಕಾದದ್ದು ಒಂದೇ ವಾಕ್ಯ. ಆ ವಾಕ್ಯ ಎರಡು ಬಗೆಯಾಗಿ ಅವನ ಬಾಯಲ್ಲಿತ್ತು. ಆ ಸಂಜೆ ನಾನು ಮೇಲೆ ಹತ್ತಿ ಸಾಫ್ ಮಾಡುತ್ತಿದ್ದೆ. ಆ ಸಂಜೆ ನಾನು ಮೇಲೆ ಹತ್ತಲೇ ಇಲ್ಲ. ಮೊದಲನೆಯದನ್ನು ಹೇಳಿದರೆ ಹೆಲಿಕಾಪ್ಟರ್ ಹಾರಿಸುವ ಒಬ್ಬ ಮನುಷ್ಯನ ಲೈಸೆನ್ಸು ಹೋಗುತ್ತದೆ. ಎರಡನೆಯದನ್ನು ಹೇಳಿದರೆ, ಯಾಕೆ ಹತ್ತಲಿಲ್ಲ ಎಂದು ಕೇಳುತ್ತಾರೆ.

"ಅಷ್ಟ್ಯಾಕ ಒದರಾಡ್ತೀರಿ?" ಎಂದಳು ಶೇಖಮ್ಮ. "ದಿನಾ ಒರಸ್ತೀನಿ, ಅವತ್ತೂ ಒರಸೀನಿ ಅನ್ರಿ, ಎದ್ದು ಬರ್ರಿ. ಅದಕ್ಯಾಕ ಇಷ್ಟು ಮುಖ ಊದಿಸ್ಕೊಂಡೀರಿ?"

"ನಿನಗೇನ್ ತಿಳೀತೈತಿ, ಸುಮ್ನ ಕುಂದ್ರು."

"ನನಗೆಲ್ಲಿ ತಿಳೀಬೇಕು. ವಿಮಾನಕ್ಕ ದಾರಿ ತೋರ್ಸೋರು ನೀವು. ಬಸ್ಸಿನ ಕಿಟಕಿ ಒಂದು ತೆರಿಯಾಕ ಬರವಲ್ದು, ಅಷ್ಟ."

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಕಾಂತೇಶ ತಿರುಗಿ ನೋಡಿದ. ಎಲ್ಲರೂ ಹೊರಗೆ ಹತ್ತಿಯ ಹೊಲ ನೋಡುತ್ತಿದ್ದರು.

ವಿಮಾನಕ್ಕೆ ದಾರಿ ತೋರಿಸುವವರು. ಈ ಮಾತನ್ನು ಶೇಖಮ್ಮ ಓಣಿಯಲ್ಲಿ ಎಲ್ಲರಿಗೂ ಹೇಳಿದ್ದಳು, ನಳದ ಮುಂದೆ, ಗಿರಣಿಯ ಮುಂದೆ, ಬೀಗರ ಮನೆಯಲ್ಲಿ. ಅವನೇನೂ ಬೇಡ ಎಂದಿರಲಿಲ್ಲ. ಮೂವತ್ತು ವರ್ಷ ಫೈಲು ಹೊತ್ತು, ಚಹಾ ತಂದು, ಬೆಲ್ಲಿಗೆ ಎದ್ದು ನಿಂತ ಮನುಷ್ಯನಿಗೆ ಮೊದಲ ಸಲ ತನ್ನದು ಅನ್ನುವ ಒಂದು ಕೆಲಸ ಸಿಕ್ಕಿತ್ತು. ಎರಡು ವರ್ಷದ ಹಿಂದೆ ಉಮಾಶ್ರೀ ಎಂಬ ಇಂಜಿನಿಯರು, ರಾಯಚೂರ ಕಡೆಯ ಹೆಣ್ಣುಮಗಳು, ಹೈದರಾಬಾದಿನಿಂದ ಜೀಪಿನಲ್ಲಿ ಬಂದು, ಮಕ್ತಲದಲ್ಲಿ ಅವನು ಅಟೆಂಡರಾಗಿದ್ದ ಸರ್ಕಾರಿ ಕಟ್ಟಡದ ನೀರಿನ ಟಾಕಿಯ ಮೇಲೆ ಬೋರಲು ಹಾಕಿದ ಬೋಗುಣಿಯಂಥ ಒಂದು ಬಿಳಿಯ ಆಂಟೆನಾ ಕೂರಿಸಿದ್ದಳು. ಆಮೇಲೆ ವರಾಂಡದಲ್ಲಿ ಕೂತು, ಅವನೇ ತಂದ ಚಹಾ ಕುಡಿಯುತ್ತ, ಯಾವ ಸಾಹೇಬನೂ ಹೇಳದ ಹಾಗೆ ಬಿಡಿಸಿ ಹೇಳಿದ್ದಳು. "ಕಾಂತೇಶಣ್ಣ, ವಿಮಾನ ಎಲ್ಲೈತಿ ಅಂತ ವಿಮಾನಕ್ಕ ಹೇಳೋದು ಉಪಗ್ರಹದ ಸಿಗ್ನಲ್. ಆ ಸಿಗ್ನಲ್ ಬರೋ ದಾರ್ಯಾಗ, ಭಾಳ ಎತ್ತರದಾಗ, ಗಾಳಿದೊಂದು ಪದರ ಐತಿ. ಸೂರ್ಯ ದಿನಾ ಅದನ್ನ ಕೆಣಕ್ತಾನ. ಕೆಲವು ವರ್ಷ ಸೂರ್ಯನ ಆಟ ಜೋರು, ಆವಾಗ ಹೆಚ್ಚಿಗಿ ಕೆಣಕ್ತಾನ. ಹೊತ್ತು ಮುಳುಗಿದ ಮ್ಯಾಲ ಆ ಪದರದ ತಳದಿಂದ ಗುಳ್ಳಿ ಏಳ್ತಾವ, ಅನ್ನ ಕುದಿಯುವಾಗ ಏಳ್ತಾವಲ್ಲ, ಹಂಗ. ಒಂದೊಂದು ಗುಳ್ಳಿ ನಿಮ್ಮ ಜಿಲ್ಲೆಯಷ್ಟು ಅಗಲ. ಅದರಾಗ ಹಾದ ಸಿಗ್ನಲ್ ಚುಕ್ಕಿ ಮಿಣುಕಿದಂಗ ನಡಗತೈತಿ, ಭಾಳ ನಡಗಿದ್ರ ಕಡದಬಿಡತೈತಿ. ವಿಮಾನದ ಮಿಷನ್ನು ತಾನೆಲ್ಲಿದ್ದೀನಿ ಅಂತ ತಪ್ಪು ಹೇಳಬಹುದು, ಇಲ್ಲಾ ನನ್ನ ನಂಬಬ್ಯಾಡ ಅಂತ ಕೆಂಪು ದೀಪ ಹಚ್ಚಬಹುದು." "ಅದನ್ನ ತಡಿಯಾಕೇನ್ರಿ ಈ ಬೋಗುಣಿ?" ಎಂದು ಕೇಳಿದ್ದ. ಅವಳು ನಕ್ಕಿದ್ದಳು. "ತಡಿಯಾಕ ಆಗಂಗಿಲ್ಲಣ್ಣ. ನೋಡಾಕ. ಯಾವಾಗ ನಡಗಿತು, ಎಷ್ಟು ನಡಗಿತು ಅಂತ ನೋಡಿ ಇಟ್ಕೊಳ್ಳಾಕ." ಅವನ ಕೆಲಸ ಮೂರು. ದಿನಾ ಬೆಳಿಗ್ಗೆ ಏಣಿ ಹತ್ತಿ ಬೋಗುಣಿಯ ಮೇಲಿನ ದೂಳು, ಪಾರಿವಾಳದ ಹೇಲು ಒರೆಸುವುದು. ಕೆಳಗಿನ ಪೆಟ್ಟಿಗೆಯ ಹಸಿರು ದೀಪ ನೋಡುವುದು. ಪುಸ್ತಕದಲ್ಲಿ ಹೊತ್ತು ಬರೆದು 'ಸಾಫ್' ಎಂದು ಬರೆಯುವುದು. ಹೊತ್ತು ಬರೆಯುವುದನ್ನು ಮಾತ್ರ ಮರೆಯಬಾರದು ಎಂದಿದ್ದಳು. ಒರೆಸುವಾಗ ಕೈ ಅಡ್ಡ ಬರುತ್ತದೆ, ಆ ಹೊತ್ತಿನ ಲೆಕ್ಕವನ್ನು ಹೈದರಾಬಾದಿನಲ್ಲಿ ಬಿಟ್ಟುಬಿಡುತ್ತಾರೆ. ಅದು ಆಕಾಶದ್ದಲ್ಲ, ಕಾಂತೇಶನ ಕೈಯದ್ದು ಎಂದು.

ಕಾಂತೇಶನ ಕೈ. ಅವನು ಈಗ ತನ್ನ ಕೈ ನೋಡಿಕೊಂಡ. ಮುಂದಿನ ಸೀಟಿನ ಕಂಬಿಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದವು ಎರಡೂ. ಬಸ್ಸು ಓಡುತ್ತಿರುವುದು ನೆಲದ ಮೇಲೆ, ಬೀಳುವುದಕ್ಕೆ ಏನೂ ಇಲ್ಲ. ಬಿಡಿಸಿಕೊಂಡು ತೊಡೆಯ ಮೇಲೆ ಇಟ್ಟ. ಏಣಿಯಿಂದ ಜಾರಿದ ದಿನವೂ ಹೀಗೆಯೇ ಹಿಡಿದಿದ್ದವು. ಹಿಂದಿನ ದಿನ ಮಳೆಯಾಗಿತ್ತು. ಮಾಳಿಗೆಯಿಂದ ಟಾಕಿಗೆ ಹೋಗುವ ಕಬ್ಬಿಣದ ಏಣಿಗೆ ಹದಿನಾರು ಮೆಟ್ಟಿಲು, ಹನ್ನೆರಡನೆಯದರ ಮೇಲೆ ಎಡಗಾಲಿನ ಚಪ್ಪಲಿ ಜಾರಿತು. ಬಲಗಾಲೂ ಬಂತು. ಎರಡು ಕೈಗಳ ಮೇಲೆ ತೂಗಾಡಿದ್ದು ಎಷ್ಟು ಹೊತ್ತೋ, ನಾಲ್ಕು ಉಸಿರಿರಬಹುದು. ಚಪ್ಪಲಿ ಮಾಳಿಗೆಯ ಅಂಚಿಗೆ ಬಡಿದು, ಅಲ್ಲಿಂದ ಕೆಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಎಲ್ಲೋ ಸಪ್ಪಳ ಮಾಡಿತು. ಆ ಬಹಳ ಹೊತ್ತು ಅವನ ಮೈಯೊಳಗೆ ಉಳಿದುಬಿಟ್ಟಿತು. ಮರುದಿನ ಬೆಳಿಗ್ಗೆ ಏಣಿಯ ಮುಂದೆ ನಿಂತಾಗ ಮೊಣಕಾಲು ತಾವೇ ತಾವಾಗಿ ಕುಣಿಯತೊಡಗಿದವು. ಅವನು ಬೈದ. ಮೊಣಕಾಲಿಗೆ, ಏಣಿ ಕೂಡಿಸಿದ ಕಂತ್ರಾಟದಾರನಿಗೆ, ಅವನ ತಾಯಿಗೆ. ಕಾಲು ಮಾತ್ರ ಮೇಲೇಳಲಿಲ್ಲ. ಮಂಡಲದ ಆಫೀಸಿನಲ್ಲಿ ಎಂಥ ಸಾಹೇಬನಿಗೂ ಎದುರು ಮಾತಾಡುವವನು, ಸಂತೆಯಲ್ಲಿ ಗೂಳಿ ಬಿಚ್ಚಿಕೊಂಡಾಗ ಮೂಗುದಾರ ಹಿಡಿದು ನಿಲ್ಲಿಸಿದವನು, ಕೆಳಗೆ ಬಂದು ಪುಸ್ತಕದಲ್ಲಿ ಬರೆದ: ಒಂಬತ್ತು ಗಂಟೆ ಹತ್ತು ನಿಮಿಷ. ಸಾಫ್. ಹಾಗೆ ಹನ್ನೊಂದು ದಿನ ಬರೆದ. ಹಸಿರು ದೀಪ ಉರಿಯುತ್ತಲೇ ಇತ್ತು. ಅದಕ್ಕೆ ಏನು ಗೊತ್ತು.

ಹನ್ನೊಂದನೆಯ ದಿನ ಕೃಷ್ಣೆಗೆ ಮೇಲಿನಿಂದ ನೀರು ಬಿಟ್ಟರು. ಗದ್ವಾಲದ ಕಡೆ ಹೊಳೆಯ ನಡುಗಡ್ಡೆಯೊಂದರಲ್ಲಿ ತುಂಬು ಬಸುರಿಯೊಬ್ಬಳು ಸಿಕ್ಕಿಕೊಂಡಿದ್ದಾಳೆಂದು ಸಂಜೆ ಹೆಲಿಕಾಪ್ಟರ್ ಬಂದು ಅವಳನ್ನು ಎತ್ತಿಕೊಂಡಿತು. ಗದ್ವಾಲದಲ್ಲಿ ಇಳಿಯಲಿಕ್ಕೆ ನೆಲವಿರಲಿಲ್ಲ, ಎಲ್ಲ ನೀರು. ನಾರಾಯಣಪೇಟೆಯ ಮೈದಾನದಲ್ಲಿ ಗುರುತು ಹಾಕಿ ಕಾದಿದ್ದರು. ಮೋಡ ಕೆಳಗಿತ್ತು, ಹೊತ್ತು ಮುಳುಗಿತ್ತು. ಏಳು ಇಪ್ಪತ್ತಕ್ಕೆ ಪೈಲಟನ ಮುಂದಿನ ಯಂತ್ರ ಕೆಂಪು ದೀಪ ಹಚ್ಚಿತು. ತಾನಿರುವ ಜಾಗವನ್ನು ಒಮ್ಮೆ ಹೊಳೆಯ ಆಚೆ, ಒಮ್ಮೆ ಈಚೆ ತೋರಿಸಿತು, ಆಮೇಲೆ ಏನೂ ತೋರಿಸಲಿಲ್ಲ. ಅವನು ಅದನ್ನು ನಂಬದೆ, ಮೋಡದ ಕೆಳಗೆ ಕಂಡ ಟ್ರ್ಯಾಕ್ಟರಿನ ದೀಪ ಹಿಡಿದು ಧನ್ವಾಡದ ಹತ್ತಿರ ಒಂದು ಶೇಂಗಾದ ಹೊಲದಲ್ಲಿ ಇಳಿಸಿದ. ಹೆಲಿಕಾಪ್ಟರಿನ ಒಂದು ಕಾಲು ಮುರಿಯಿತು, ಒಳಗಿದ್ದ ನರ್ಸಿನ ಕೈ ಮುರಿಯಿತು. ಬಸುರಿಗೆ ಏನೂ ಆಗಲಿಲ್ಲ. ಅದೇ ಟ್ರ್ಯಾಕ್ಟರಿನಲ್ಲಿ ದವಾಖಾನೆಗೆ ಹೋಗಿ ಬೆಳಗಾಗುವಷ್ಟರಲ್ಲಿ ಹೆತ್ತಳು. ಹೆಲಿಕಾಪ್ಟರಿನ ಕಂಪನಿಯವರು ಯಂತ್ರ ಬಿಚ್ಚಿ ನೋಡಿದರು. ಯಂತ್ರ ಸರಿಯಾಗಿತ್ತು. ಹಾಗಾದರೆ ತಪ್ಪು ಮನುಷ್ಯನದು: ಗುರುತು ಹಾಕಿದ ಜಾಗ ಬಿಟ್ಟು, ಹೆದರಿ, ಹೊಲದಲ್ಲಿ ಇಳಿಸಿದ. ಹೈದರಾಬಾದಿನ ಬೋಗುಣಿಯನ್ನು ಆ ವಾರ ರಿಪೇರಿಗೆ ಬಿಚ್ಚಿದ್ದರು. ಆ ಸಂಜೆ ಈ ಸೀಮೆಯ ಆಕಾಶವನ್ನು ನೋಡುತ್ತಿದ್ದ ಕಣ್ಣು ಒಂದೇ, ಮಕ್ತಲದ್ದು. ಅದು ಏಳು ಇಪ್ಪತ್ತರಿಂದ ಎಂಟೂ ಐದರವರೆಗೆ ನಡುಗಿತ್ತು, ಪೂರಾ ನಡುಗಿತ್ತು. ಆದರೆ ಆ ನಲವತ್ತೈದು ನಿಮಿಷ ಕಾಂತೇಶನ ಕೈಯದ್ದು ಎಂದು ಪುಸ್ತಕ ಹೇಳುತ್ತಿತ್ತು.

ಹಾಗೆ ಹೇಳಿಸಿದ್ದು ಒಂದು ಮಾತು. ಮರುದಿನ ಬೆಳಿಗ್ಗೆ ಹೈದರಾಬಾದಿನ ಸಾಹೇಬ ಫೋನು ಮಾಡಿ, ನಿನ್ನೆ ಸಂಜೆ ಏಳೂವರೆಗೆ ಸಾಫ್ ಇತ್ತೇ ಎಂದು ತನ್ನ ದಖ್ಖನಿ ಉರ್ದುವಿನಲ್ಲಿ ಕೇಳಿದ: "ಕಲ್ ಶಾಮ್ ಸಾಡೇ ಸಾತ್ ಬಜೇ ಸಾಫ್ ಥಾ ಕ್ಯಾ?" ಸಿಕ್ಕಿಬಿದ್ದೆ ಎಂದುಕೊಂಡ ಕಾಂತೇಶ. ಯಾರೋ ಹೇಳಿಬಿಟ್ಟಿದ್ದಾರೆ. ಬೋಗುಣಿಯ ಮೇಲೆ ಹನ್ನೊಂದು ದಿನದ ಹೇಲು ಕೂತಿರುವುದು ಅಲ್ಲಿಗೆ ಕಂಡುಬಿಟ್ಟಿದೆ. ಅದೇ ಹೊತ್ತಿಗೆ ಸಾಫ್ ಮಾಡಿದೆ, ಮೇಲೆ ನಾನೇ ಇದ್ದೆ ಎಂದು ಬಾಯಿ ತಾನೇ ಓಡಿತು: "ಹೌ ಸಾಬ್, ಉಸೀಚ್ ಟೈಮ್ ಪೇ ಸಾಫ್ ಕರಾ ಸಾಬ್, ಮೈಚ್ ಉಪ್ಪರ್ ಥಾ." ಓಹೋ, ಮೇಲಿದ್ದದ್ದು ನೀನೋ ಎಂದುಕೊಂಡ ಆ ಕಡೆಯವನು. "ಅಚ್ಛಾ, ತುಮ್ ಥೇ," ಎಂದು ಸಾಹೇಬ ಫೋನಿಟ್ಟ. ಕಾಂತೇಶ ಪುಸ್ತಕ ತೆಗೆದು, ಸಾಹೇಬನ ಹೊತ್ತಿಗೆ ಸರಿಹೊಂದುವ ಹಾಗೆ ಬರೆದ. ಕಡಿಮೆ ಬರೆದರೆ ಅನುಮಾನ ಬಂದೀತೆಂದು ಏಳೂ ಹದಿನೈದರಿಂದ ಎಂಟೂ ಹತ್ತರವರೆಗೆ ಎಂದು ಬರೆದ. ವಾರದ ಮೇಲೆ ತೆಲುಗಿನಲ್ಲಿ ಒಂದು ಕಾಗದ ಬಂತು. ಅವನು ಕಲಿತದ್ದು ಊರ ಶಾಲೆಯಲ್ಲಿ, ಕನ್ನಡದಲ್ಲಿ. ತೆಲುಗು ಮಾತಾಡಲು ನೀರು ಕುಡಿದಷ್ಟು ಸಲೀಸು, ಓದಲು ಮಾತ್ರ ಅಕ್ಷರಕ್ಕೊಂದು ಅಕ್ಷರ ಎಡವುತ್ತಿದ್ದ. ಪೂರ್ತಿ ಓದುವಷ್ಟು ತಾಳ್ಮೆ ಎಲ್ಲಿತ್ತು. ತನ್ನ ಹೆಸರು ಕಂಡಿತು, ದಸ್ಕತ್ ಹಾಕಿದ.

ಆ ಪೈಲಟನೂ ಒಮ್ಮೆ ಫೋನು ಮಾಡಿದ್ದ. ಭೀಮಶಂಕರ್, ಗದ್ವಾಲದ ಆಚೆ ಐಜದ ಕಡೆಯವನು, ಕುರುಬರ ಮನೆಯ ಮಗ. ಮಾತು ಮೆಲ್ಲಗಿತ್ತು. "ಅಣ್ಣಾ, ಒಂದ ಮಾತು ಕೇಳ್ತೀನ್ರಿ, ತಪ್ಪು ತಿಳೀಬ್ಯಾಡ್ರಿ. ಆ ಹೊತ್ನ್ಯಾಗ ನೀವು ಖರೇನ ಮ್ಯಾಲಿದ್ರೇನು?" ಖರೇನ ಎಂಬ ಆ ಒಂದು ಪದ ಅಂಗಾಲಿಗೆ ಚುಚ್ಚಿದ ಹಾಗಾಯಿತು. ಕಾಂತೇಶ ನಾಲ್ಕು ನಿಮಿಷ ಬೈದ. ನಿನ್ನ ತಪ್ಪು ಮುಚ್ಚಾಕ ನನ್ನ ಕೆಲಸಾ ಸುಳ್ಳು ಮಾಡ್ತೀಯೇನಲೇ, ಹೆಲಿಕಾಪ್ಟರ್ ಹೊಡಿಯಾಕ ಬರಲಿಲ್ಲಂದ್ರ ಕುರಿ ಕಾಯಿ ಹೋಗು ಎಂದ. ಆ ಕಡೆಯವನು ಎಲ್ಲ ಕೇಳಿಸಿಕೊಂಡು, "ಆತ್ರಿ" ಎಂದು ಇಟ್ಟಿದ್ದ. ಕುರಿ ಕಾಯಿ ಹೋಗು ಎಂದದ್ದು ಈಗ ಬಸ್ಸಿನಲ್ಲಿ, ಶೇಖಮ್ಮನ ಪಕ್ಕದಲ್ಲಿ, ಕಿವಿ ಬಿಸಿಯಾಗುವ ಹಾಗೆ ನೆನಪಾಯಿತು. ಮೊನ್ನೆ ಉಮಾಶ್ರೀಯೇ ಫೋನು ಮಾಡಿ ವಿಚಾರಣೆಯ ದಿನ ತಿಳಿಸಿದಳು, ನಡುವೆ ತಡೆದು ಹೇಳಿದಳು: "ಅಣ್ಣಾ, ಸಾಹೇಬ್ರು ಅವತ್ತು ಕೇಳಿದ್ದು ಆಕಾಶ ಸಾಫ್ ಇತ್ತಾ ಅಂತ. ಮಳಿ ಮೋಡ ಇತ್ತೇನು ಅಂತ. ಅವರು ಒರಸೋದು ಕೇಳೇ ಇರಲಿಲ್ಲ. ಮತ್ತ ಆ ಬೋಗುಣಿ ಐವತ್ತೈದು ನಿಮಿಷ ಒರಸೋವಷ್ಟು ದೊಡ್ಡದೂ ಇಲ್ಲ." ಅವಳು ಕಾದಳು. ಅವಳು ಕಾಯುವುದು ಕೇಳಿಸುತ್ತಿತ್ತು.

ನಾರಾಯಣಪೇಟೆಯಲ್ಲಿ ಇಳಿದು, ಸೀರೆಯಂಗಡಿಗಳ ಬೀದಿ ದಾಟಿ, ಆಫೀಸು ಮುಟ್ಟುವಷ್ಟರಲ್ಲಿ ಅಂಗಿಯ ಬೆನ್ನು ಒದ್ದೆಯಾಗಿತ್ತು. ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೈಗೆ ಬಿಳಿಯ ಪ್ಲಾಸ್ಟರು ಹಾಕಿಕೊಂಡ ಒಬ್ಬ ಹೆಂಗಸು ಕೂತಿದ್ದಳು. ಶೇಖಮ್ಮ ಅವಳ ಪಕ್ಕ ಕೂತು, ಕೂತ ಗಳಿಗೆಯಲ್ಲೇ ಮಾತಿಗಿಳಿದಳು. ಮಲ್ಲೇಶ್ವರಿ ಅಂತ, ಹೆಲಿಕಾಪ್ಟರಿನ ನರ್ಸು.

"ನಮ್ಮೋರ ನೋಡ್ರಿ ಆ ಮಿಷನ್ ನೋಡ್ಕೊಳ್ಳೋರು," ಎಂದಳು ಶೇಖಮ್ಮ, ಹೆಮ್ಮೆ ತಡೆಯಲಾರದೆ.

ಮಲ್ಲೇಶ್ವರಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಒರಸೋರು ನೀವ ಏನ್ರಿ?"

"ಹೌದು, ನಾನ. ಯಾಕ?"

"ಏನಿಲ್ಲ. ನಾ ಹಿಂದ ಕುಂತಿದ್ದೆ. ಕ್ಯಾಪ್ಟನ್ನು ಆ ಮಿಷನ್ ನೋಡಿ ಒಂದ ಮಾತು ಅಂತಿದ್ರು, ಮತ್ತ ಮತ್ತ. ಸುಳ್ಳ ಹೇಳಾಕತ್ತೈತಿ, ಇದು ಸುಳ್ಳ ಹೇಳಾಕತ್ತೈತಿ ಅಂತ. ಆ ಬಸುರಿ ನನ್ನ ಕೈ ಹಿಡಕೊಂಡು, ಯಾರ್ರೀ ಅಕ್ಕಾ ಸುಳ್ಳ ಹೇಳೋದು ಅಂತ ಕೇಳಿದ್ಲು. ನಾ ಏನ್ ಹೇಳ್ಲಿ ಪಾಪ ಅದಕ್ಕ."

ಅವನಿಗೆ ಬೈಯಬೇಕೆನಿಸಿತು. ಬೈಯಲು ಒಂದು ಕಾರಣ ಹುಡುಕಿದ. ಪ್ಲಾಸ್ಟರಿನ ಮೇಲೆ ಯಾರೋ ನೀಲಿ ಪೆನ್ನಿನಿಂದ ಒಂದು ಹೂ ಬರೆದಿದ್ದರು. ಅದನ್ನೇ ನೋಡುತ್ತ ನಿಂತ. ಒಳಗಿನಿಂದ ಅವನ ಹೆಸರು ಕೂಗಿದರು.

ಕೋಣೆಯಲ್ಲಿ ಫ್ಯಾನು ಸಪ್ಪಳ ಮಾಡುತ್ತಿತ್ತು. ದೊಡ್ಡ ಮೇಜಿನ ಹಿಂದೆ ಹೈದರಾಬಾದಿನಿಂದ ಬಂದ ಅಧಿಕಾರಿ, ತೆಳ್ಳಗಿನ ಮನುಷ್ಯ, ತೆಲುಗಿನಲ್ಲಿ ಮಾತಾಡುತ್ತಿದ್ದ. ಒಂದು ಪಕ್ಕಕ್ಕೆ ಕಾಗದಗಳನ್ನು ಹರಡಿಕೊಂಡು ಉಮಾಶ್ರೀ. ಇನ್ನೊಂದು ಪಕ್ಕಕ್ಕೆ ಬಿಳಿ ಅಂಗಿಯ ಗಟ್ಟಿಮುಟ್ಟಾದ ಆಳು; ಭೀಮಶಂಕರ್ ಇರಬೇಕು. ಕಾಂತೇಶ ಅವನನ್ನು ದೊಡ್ಡ ಮೀಸೆಯವನೆಂದುಕೊಂಡಿದ್ದ. ಮೀಸೆ ಇರಲಿಲ್ಲ, ಮೂವತ್ತೈದರ ಆಸುಪಾಸು, ಕಣ್ಣ ಕೆಳಗೆ ಕಪ್ಪು. ಅವನು ಕಾಂತೇಶನನ್ನು ನೋಡಲೇ ಇಲ್ಲ. ಮೂಲೆಯಲ್ಲಿ ಬರೆದುಕೊಳ್ಳುವ ಗುಮಾಸ್ತ ಶಿವಯ್ಯ, ಕೊತ್ತಪಲ್ಲಿಯವನು, ಪರಿಚಯದ ನಗೆ ನಕ್ಕ.

"ಚೆಪ್ಪಂಡಿ," ಎಂದು ಅಧಿಕಾರಿ ಮಾತಾಡಲು ಹೇಳಿದ. ಮುಂದಿರುವುದು ನಿಮ್ಮದೇ ಬಯಾನು, ನೀವೇ ಕೊಟ್ಟ ಹೇಳಿಕೆ, ನಿಮ್ಮದೇ ದಸ್ಕತ್ತು, ಆ ಹೊತ್ತಿನಲ್ಲಿ ಆಂಟೆನಾ ಸಾಫ್ ಮಾಡುತ್ತಿದ್ದಿರಿ ಎಂದಿದೆ, ಸರಿಯೇ? ಸುಮ್ಮನೆ ಗೋಣು ಹಾಕಿದರೆ ಸಾಕಿತ್ತು. ಅವನು ಬರಿ ಹೌದು ಕೇಳುತ್ತಿದ್ದ, ಎರಡು ಅಕ್ಷರ, ಆಮೇಲೆ ಬಸ್ಸು. ಉಮಾಶ್ರೀ ಕಾಗದದಿಂದ ಕಣ್ಣೆತ್ತಲಿಲ್ಲ. ಆ ಮೆಲ್ಲನೆಯ 'ಆತ್ರಿ' ಕಾಂತೇಶನ ತಲೆಯೊಳಗೆ ಬಂತು, ಯಾಕೆ ಬಂತೋ. ಕುರಿ ಕಾಯಿ ಹೋಗು ಎಂದವನಿಗೆ ಆತ್ರಿ ಎನ್ನುವವನು ಎಂಥ ಮನುಷ್ಯ. ಸಿಟ್ಟು ಬಂತು. ಈ ಮನುಷ್ಯ ತಿರುಗಿ ಬೈದಿದ್ದರೆ ಎಷ್ಟು ಸುಲಭವಾಗುತ್ತಿತ್ತು.

"ಇಲ್ಲ," ಎಂದ ಕಾಂತೇಶ. ದನಿ ಬೇಕಾದ್ದಕ್ಕಿಂತ ಜೋರಾಯಿತು, ಮಾತು ಕನ್ನಡದಲ್ಲೇ ಬಂತು; ಶಿವಯ್ಯ ತೆಲುಗು ಮಾಡುತ್ತ ಹೋದ. "ನಾ ಮ್ಯಾಲ ಹತ್ತೇ ಇಲ್ಲ. ಅವತ್ತೂ ಇಲ್ಲ, ಅದಕ್ಕ ಹಿಂದಿನ ಹತ್ತು ದಿನಾನೂ ಇಲ್ಲ. ಪುಸ್ತಕದಾಗ ಬರದದ್ದು ಎಲ್ಲಾ ಸುಳ್ಳು."

ಭೀಮಶಂಕರ್ ಈಗ ನೋಡಿದ. ಅಧಿಕಾರಿ ಪೆನ್ನಿನ ಟೊಪ್ಪಿಗೆ ಹಾಕಿ, ತೆಗೆದು, ಮತ್ತೆ ಹಾಕಿದ. ಅವನ ಮುಂದೆ ಇನ್ನೊಂದು ಕಾಗದವಿತ್ತು. ಕ್ಯಾಪ್ಟನ್ ಭೀಮಶಂಕರ್ ನಿಮಗೆ ಫೋನು ಮಾಡಿದ್ದಾರೆ, ನಾಲ್ಕು ನಿಮಿಷ ಮಾತಾಡಿದ್ದೀರಿ. ಇಬ್ಬರೂ ಒಂದೇ ಸೀಮೆಯವರು. ಆ ಫೋನಿನ ಮುಂಚೆ ಒಂದು ಬಯಾನು, ಫೋನಿನ ಮೇಲೆ ಇನ್ನೊಂದು ಬಯಾನು. ನಾನು ಏನು ತಿಳಿದುಕೊಳ್ಳಬೇಕು?

"ತಿಳ್ಕೊಳ್ರಿ ಏನಾರ!" ಕಾಂತೇಶ ಕುರ್ಚಿ ಹಿಂದಕ್ಕೆ ಒದ್ದು ಎದ್ದ. "ನಾಲ್ಕು ನಿಮಿಷಾನೂ ಬೈದೀನಿ ನಾ ಇವರಿಗೆ. ಕೇಳ್ರಿ ಬೇಕಿದ್ರ! ಕುರಿ ಕಾಯಾಕ ಹೋಗು ಅಂದೀನಿ. ನಾ ಸುಳ್ಳುಗಾರ ಇರಬಹುದು, ಲಂಚ ತಿಂದಿಲ್ಲ!"

"ಕೂಚೋಂಡಿ," ಎಂದು ಅಧಿಕಾರಿ ದನಿಯೇರಿಸದೆ ಕುರ್ಚಿ ತೋರಿಸಿದ.

ಭೀಮಶಂಕರ್ ಮೊದಲ ಸಲ ಬಾಯಿ ತೆರೆದ. "ಬೈದಿದ್ದು ಖರೆ ಸರ್," ಎಂದು ತೆಲುಗಿನಲ್ಲಿ ಹೇಳಿದ, "ಒಂದೂ ಬೈಗುಳ ಬಿಡಲಿಲ್ಲ." ಶಿವಯ್ಯ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದ. ಉಮಾಶ್ರೀ ಎರಡು ಗೆರೆಗಳ ಕಾಗದವನ್ನು ಅಧಿಕಾರಿಯ ಮುಂದೆ ಸರಿಸಿದಳು. ಕೈ ಅಡ್ಡ ಬಂದರೆ ಎಲ್ಲ ಉಪಗ್ರಹಗಳ ಸಿಗ್ನಲ್ಲೂ ಒಟ್ಟಿಗೆ ಕುಗ್ಗುತ್ತದೆ, ಎಂದಳು. ಇಲ್ಲಿ ಪಶ್ಚಿಮದವು ಮೊದಲು, ನೆತ್ತಿಯ ಮೇಲಿನವು ಆಮೇಲೆ, ಗುಳ್ಳೆ ಸರಿದು ಹೋದ ಹಾಗೆ. ಅಧಿಕಾರಿ ತಲೆ ಅಲ್ಲಾಡಿಸಿದ. ಅದು ನಿಮ್ಮ ಊಹೆ, ಆಂಟೆನಾದ ಬಳಿ ಮನುಷ್ಯನಿದ್ದನೆಂದು ಪುಸ್ತಕವಿರುವವರೆಗೆ ಊಹೆಗೆ ಬೆಲೆಯಿಲ್ಲ ಎಂದ. ಮತ್ತೆ ಕಾಂತೇಶನ ಕಡೆ ತಿರುಗಿದ. ನೀವು ಹತ್ತಿರಲಿಲ್ಲ ಎಂಬುದಕ್ಕೆ ನಿಮ್ಮ ಮಾತು ಬಿಟ್ಟು ಬೇರೆ ಏನಿದೆ? ಯಾರಾದರೂ ನೋಡಿದ್ದಾರೆಯೇ?

ನೋಡಿದ್ದರು. ಒಬ್ಬರೇ ಒಬ್ಬರು. ಆ ಹೆಸರು ಹೇಳುವುದಕ್ಕಿಂತ ಲೈಸೆನ್ಸು, ನೌಕರಿ, ಎಲ್ಲ ಹೊಳೆಯಲ್ಲಿ ಹೋಗಲಿ ಎಂದು ಅವನು ಬೆಳಗಿನಿಂದ ಅಂದುಕೊಂಡಿದ್ದ. ಆ ಸಂಜೆ ಆಫೀಸಿನವರೆಲ್ಲ ಹೋಗುವುದನ್ನು ಕಾದು, ಕತ್ತಲಾದರೆ ಯಾರಿಗೂ ಕಾಣುವುದಿಲ್ಲವೆಂದು, ಬರಿಗಾಲಲ್ಲಿ ಏಣಿಗೆ ಕಾಲಿಟ್ಟಿದ್ದ. ಒಂದು, ಎರಡು, ಮೂರು. ಮೂರನೆಯ ಮೆಟ್ಟಿಲಲ್ಲಿ ಮೈ ಕಲ್ಲಾಯಿತು. ಏಣಿಯನ್ನು ಎರಡೂ ತೋಳುಗಳಿಂದ ತಬ್ಬಿಕೊಂಡು, ಕಬ್ಬಿಣಕ್ಕೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿದ. ಕೆಳಗೂ ಆಗದು, ಮೇಲೂ ಆಗದು. ಮೇಲೆ ಎಲ್ಲೋ, ಮೋಡದ ಆಚೆ, ಆ ಸಿಗ್ನಲ್ಲು ನಡುಗುತ್ತಿದ್ದದ್ದು ಅದೇ ಹೊತ್ತಿನಲ್ಲಿ ಎಂದು ಅವನಿಗೆ ಆಮೇಲೆ ತಿಳಿಯಿತು. ಎಷ್ಟು ಹೊತ್ತಾಗಿತ್ತೋ. ಕೋಣೆಗಳಿಗೆ ಬೀಗ ಹಾಕಿ ಮಾಳಿಗೆಯ ಬಾಗಿಲು ಹಾಕಲು ಬಂದ ಕಸಗುಡಿಸುವ ಅನ್ನಮ್ಮ ಅವನ ಸೊಂಟ ಹಿಡಿದಳು. ಅರವತ್ತರ ಹೆಂಗಸು. "ಇಳೀರಿ, ಹಾಂ, ಈ ಕಾಲು ಇಲ್ಲಿಡ್ರಿ, ನಾ ಅದೀನಿ," ಎಂದು ಒಂದೊಂದಾಗಿ ಮೂರು ಮೆಟ್ಟಿಲು ಇಳಿಸಿದಳು. ಆಮೇಲೆ ಅದರ ಸುದ್ದಿಯನ್ನೇ ಎತ್ತಲಿಲ್ಲ. ಆ ಮೌನ ತಡೆಯದೆ ಮರುದಿನ ಅವನು, ಕಿಟಕಿಯ ಕಟ್ಟೆಯ ಮೇಲೆ ದೂಳೈತಿ ಎಂದು ಎಲ್ಲರ ಮುಂದೆ ಅವಳನ್ನು ಬೈದಿದ್ದ.

"ಅನ್ನಮ್ಮ," ಎಂದ. "ನಮ್ಮ ಆಫೀಸಿನ ಅನ್ನಮ್ಮ ನೋಡ್ಯಾಳ."

ಶಿವಯ್ಯ ನಂಬರು ಹಚ್ಚಿ ಫೋನನ್ನು ಮೇಜಿನ ಮೇಲೆ, ಎಲ್ಲರಿಗೂ ಕೇಳುವ ಹಾಗೆ ಇಟ್ಟ. ಕನ್ನಡದಲ್ಲಿ ಕೇಳಿದ: ಪ್ರವಾಹದ ದಿನ ಸಂಜೆ ಕಾಂತೇಶಪ್ಪನವರು ಟಾಕಿ ಹತ್ತಿದ್ದರೇನು, ನೋಡಿದ್ದು ಇದ್ದ ಹಾಗೆ ಹೇಳಬೇಕು, ದೊಡ್ಡ ಸಾಹೇಬರು ಕೇಳುತ್ತಿದ್ದಾರೆ.

ಅನ್ನಮ್ಮನ ದನಿ ತಕ್ಷಣ ಬಂತು, ಮೊದಲೇ ಯೋಚಿಸಿಟ್ಟುಕೊಂಡಿದ್ದ ಹಾಗೆ. "ಹತ್ತಿದ್ರಲ್ರೀ. ದಿನಾ ಹತ್ತತಾರ. ಅವರಂಗ ಕೆಲಸಾ ಮಾಡೋರು ಯಾರದಾರ್ರೀ? ನಾನ ಕಣ್ಣ್ಯಾರೆ ನೋಡೀನಿ, ಮ್ಯಾಲ ನಿಂತು ಒರಸಾಕತ್ತಿದ್ರು. ದೇವ್ರಾಣಿ."

ಅಧಿಕಾರಿಗೆ ಕನ್ನಡ ಅಷ್ಟು ಬರದಿದ್ದರೂ ಇಷ್ಟು ತಿಳಿಯಿತು. ಅವನು ಕಾಗದ ಮುಚ್ಚತೊಡಗಿದ. ಭೀಮಶಂಕರ್ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಮಗುಚಿ ಇಟ್ಟು, ಅವುಗಳನ್ನೇ ನೋಡಿದ. ಕಾಂತೇಶ ಫೋನನ್ನೇ ನೋಡಿದ. ಈ ಮುದುಕಿ, ಬೈಸಿಕೊಂಡ ಮುದುಕಿ, ತನ್ನ ಮಾನ ಕಾಯುತ್ತಿದ್ದಾಳೆ. ಸುಮ್ಮನಿದ್ದರೆ ಈಗಲೂ ಆಗುತ್ತದೆ. ತಾನು ಹೇಳಿದೆ, ಅವರು ನಂಬಲಿಲ್ಲ, ಇನ್ನೇನು ಮಾಡಲಿ ಎಂದುಕೊಂಡು ಮನೆಗೆ ಹೋಗಬಹುದು. ಎಷ್ಟು ಚೊಕ್ಕಾದ ದಾರಿ. ಅವನು ಮೇಜಿನ ಮೇಲೆ ಬಗ್ಗಿ ಫೋನಿಗೆ ಒದರಿದ.

"ಅನ್ನಮ್ಮಾ! ನಾ ಕಾಂತೇಶ! ಸುಳ್ಳ ಹೇಳಬ್ಯಾಡ! ಮೂರು ಮೆಟ್ಟಿಲದಾಗ ಏಣಿ ತಬ್ಬಿಕೊಂಡು ನಿಂತಿದ್ದೆ ಅಂತ ಹೇಳು!"

"ಅಯ್ಯ, ಎಲ್ರ ಮುಂದ ಏನ್ ಮಾತಾಡ್ತೀರಿ ನೀವು..."

"ಹೇಳು! ಸೊಂಟಾ ಹಿಡದು ಇಳಿಸಿದ್ದು ಹೇಳು! ನಾ ನಡಗತಿದ್ದೆ, ಅದೂ ಹೇಳು!"

"ಯಾಕ ಬೇಕ್ರೀ ಅದೆಲ್ಲಾ..."

"ನಿನ್ನ ಕಾಲಿಗಿ ಬೀಳ್ತೀನಿ ಹೇಳು ಯವ್ವಾ. ಇಲ್ಲೊಬ್ಬರ ಅನ್ನ ಹೋಗಾಕತ್ತೈತಿ."

ಫೋನಿನೊಳಗೆ ಎಲ್ಲೋ ಕೋಳಿ ಕೂಗಿತು. ಅನ್ನಮ್ಮ ಮೂಗೆಳೆದುಕೊಂಡಳು. ಆಮೇಲೆ ಹೇಳಿದಳು, ಮೆಲ್ಲಗೆ, ತಾನೇ ತಪ್ಪು ಮಾಡಿದ ಹಾಗೆ. ಏಳರ ಮೇಲೆ ಬಂದದ್ದು, ಹತ್ತಿದ್ದು ಮೂರೇ ಮೆಟ್ಟಿಲು, ಅಲ್ಲೇ ನಿಂತದ್ದು, ಅರ್ಧ ತಾಸಿಗೂ ಮಿಕ್ಕಿ. ಮೊದಲು ಏನೋ ರಿಪೇರಿ ಎಂದುಕೊಂಡು ತಾನು ಸುಮ್ಮನಿದ್ದದ್ದು. ಆಮೇಲೆ ನೋಡಿದರೆ ಮೈಯೆಲ್ಲ ಬೆವರು, ಕಾಲು ಗಡಗಡ. "ಎಳೀ ಕರಾ ನಡಗಿದಂಗ ನಡಗತಿದ್ರು ಪಾಪ. ಮಲ್ಲಯ್ಯಾ ಮಲ್ಲಯ್ಯಾ ಅಂತಿದ್ರು. ಹೊತ್ತುಕೊಂಡಂಗನ ಇಳಿಸೀನ್ರಿ." ಶಿವಯ್ಯ ತೆಲುಗು ಮಾಡಿ ಹೇಳಬೇಕಾಯಿತು. ಎಳೆ ಕರುವಿನ ಹತ್ತಿರ ಬಂದಾಗ ತಡೆಯಲಾರದೆ ನಕ್ಕ. ಅಧಿಕಾರಿಯ ಮೂಗಿನ ಪಕ್ಕವೂ ಸಡಿಲಾಯಿತು. ಬಾಗಿಲಿನಲ್ಲಿ, ಗಂಡನ ಕೂಗು ಕೇಳಿ ಎದ್ದುಬಂದ ಶೇಖಮ್ಮ, ಅವಳ ಹಿಂದೆ ಪ್ಲಾಸ್ಟರಿನ ಕೈ. ಶೇಖಮ್ಮ ನಗಲಿಲ್ಲ. ಬಸ್ಸಿನ ಕಿಟಕಿಯ ಮಾತು ಆಡಿದ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಭೀಮಶಂಕರನೂ ನಗಲಿಲ್ಲ. ಕಾಂತೇಶನ ಮೊಣಕಾಲುಗಳನ್ನು ನೋಡುತ್ತಿದ್ದ. ಅವು ಈಗಲೂ, ಕೋಣೆಯ ಸಪಾಟು ನೆಲದ ಮೇಲೆ, ಕುಣಿಯುತ್ತಿದ್ದವು. ಭೀಮಶಂಕರ್ ಕಾಲಿನಿಂದ ಕುರ್ಚಿಯನ್ನು ಸರಿಸಿ, "ಕುಂದರ್ರಿ ಅಣ್ಣಾ," ಎಂದ.

ಕಾಂತೇಶ ಕೂರಲಿಲ್ಲ.

ಅಧಿಕಾರಿ ಹೇಳಿ ಬರೆಸತೊಡಗಿದ. ಸದರಿ ಹೊತ್ತಿನಲ್ಲಿ ಆಂಟೆನಾದ ಬಳಿ ಯಾರೂ ಇರಲಿಲ್ಲ. ಆದುದರಿಂದ ಮಕ್ತಲದ ಲೆಕ್ಕವನ್ನು ಆಕಾಶದ್ದೆಂದೇ ಹಿಡಿಯತಕ್ಕದ್ದು. ಉಮಾಶ್ರೀ ಉಸಿರು ಬಿಟ್ಟಳು. ಶಿವಯ್ಯನ ಪೆನ್ನು ಓಡಿತು, ಒಂದು ಕಡೆ ನಿಂತಿತು, ಮತ್ತೆ ಓಡಿತು. ಬರೆದದ್ದನ್ನು ಗಟ್ಟಿಯಾಗಿ ಓದಿದ. ಅಟೆಂಡರು ಕಾಂತೇಶ ಹನ್ನೊಂದು ದಿನ 'ಅನಾರೋಗ್ಯ ಕಾರಣಂಗಾ' ಮೇಲೆ ಹತ್ತಲಿಲ್ಲ. ಅಧಿಕಾರಿ ಕೇಳಿಸಿಕೊಂಡ, ಶಿವಯ್ಯನನ್ನು ನೋಡಿದ, ಇರಲಿ ಎಂಬಂತೆ ತಲೆಯಾಡಿಸಿದ.

"ಏನಂತ ಬರದ್ರಿ?" ಎಂದ ಕಾಂತೇಶ.

ಶಿವಯ್ಯ ಬಗ್ಗಿ ಪಿಸುಗುಟ್ಟಿದ. "ಆರಾಮಿರಲಿಲ್ಲ ಅಂತ. ಇರ್ಲಿ ಬಿಡ್ರಿ ಯಜಮಾನ್ರ. ನಿಮ್ಮ ನೌಕರಿಗಿ ಚಲೋ. ಕಾಗದದಾಗ ಚಂದ ಕಾಣತೈತಿ."

"ನನಗ್ಯಾವ ಜಡ್ಡೂ ಇರಲಿಲ್ಲ."

"ಗೊತ್ರಿ, ಆದ್ರ..."

"ನಾಳೆ ಇವರ ಕಂಪನಿಯವರು ಡಾಕ್ಟರ್ ಚೀಟಿ ಎಲ್ಲಿ ಅಂತ ಕೇಳ್ತಾರ. ಚೀಟಿ ಇಲ್ಲ. ಮತ್ತ ಇವರ ಹೆಸರು ತೂಗಾಡತೈತಿ. ಹೊಡೀರಿ ಅದನ್ನ." ದನಿ ಏರಿರಲಿಲ್ಲ. ಬೆಳಗಿನಿಂದ ಮೊದಲ ಸಲ, ಏರಿಸಬೇಕೆಂದೂ ಅವನಿಗೆ ಅನಿಸಲಿಲ್ಲ. "ಹೆದರಿಕಿ ಅಂತ ಬರೀರಿ. ತೆಲುಗಿನ್ಯಾಗ ಹೆಂಗ ಬರೀತಾರ ಅದನ್ನ?"

ಎಲ್ಲರಿಗೂ ಗೊತ್ತಿದ್ದ ಮಾತು. ಶಿವಯ್ಯ ಅಧಿಕಾರಿಯ ಮುಖ ನೋಡಿದ, ಆಮೇಲೆ ಆ ಪದದ ಮೇಲೆ ಒಂದು ಗೆರೆ ಎಳೆದು, ಮೇಲೆ ಸಣ್ಣಗೆ ಬರೆದು, ಕಾಗದ ತಿರುಗಿಸಿ ಮುಂದೆ ಸರಿಸಿದ. ಕಾಂತೇಶ ಬೆರಳಿಟ್ಟುಕೊಂಡು ಮೊದಲ ಸಾಲಿನಿಂದ ಓದತೊಡಗಿದ. ಅಕ್ಷರಕ್ಕೊಂದು ಅಕ್ಷರ ಎಡವುತ್ತ, ತುಟಿ ಅಲ್ಲಾಡಿಸುತ್ತ, ಅಧಿಕಾರಿ ಗಡಿಯಾರ ನೋಡಿಕೊಂಡರೂ ಬಿಡದೆ, ಪೂರ್ತಿ ಓದಿದ. ಹೊಡೆದು ಬರೆದ ಆ ಪದದ ಹತ್ತಿರ ಬಂದಾಗ ಬೆರಳು ನಿಲ್ಲಬೇಕಾಗಲಿಲ್ಲ. ಭಯಂ. ಎರಡೂ ಲಿಪಿಗಳಲ್ಲಿ ಹೆಚ್ಚುಕಡಿಮೆ ಒಂದೇ ರೂಪ. ಶಿವಯ್ಯನ ಪೆನ್ನು ತೆಗೆದುಕೊಂಡು, ಅದರ ಪಕ್ಕದ ಅಂಚಿನಲ್ಲಿ, ಕನ್ನಡದಲ್ಲಿ, ಅಪ್ಪನ ಹೆಸರು ಊರ ಹೆಸರು ಸಮೇತ, ಪೂರ್ತಿ ದಸ್ಕತ್ ಹಾಕಿದ.